ಕರಗದಿರುವುದೂ ಒಂದು ಗುಣ

ಬೋರ್ಡೋ ದ್ರಾವಣ ಅಂತ ನಾವೆಲ್ಲ ಹೇಳುತ್ತೇವೆ. ನಿಜ ನೋಡಿದರೆ ಅದು ದ್ರಾವಣವೇ ಅಲ್ಲ. ಉಪ್ಪು ಹಾಕಿದ ನೀರು ದ್ರಾವಣ. ಸಕ್ಕರೆ ಪಾನಕ ದ್ರಾವಣ. ಅವನ್ನು ಎಷ್ಟು ಹೊತ್ತು ಇಟ್ಟರೂ ಅಡಿಯಲ್ಲಿ ಏನೂ ನಿಲ್ಲುವುದಿಲ್ಲ, ಬಟ್ಟೆಯಲ್ಲಿ ಸೋಸಿದರೆ ಏನೂ ಸಿಗುವುದಿಲ್ಲ. ಬೋರ್ಡೋವನ್ನು ಕಲಕದೆ ಒಂದು ರಾತ್ರಿ ಬಿಟ್ಟು ನೋಡಿ. ಮೇಲೆ ತಿಳಿನೀರು, ಕೆಳಗೆ ನೀಲಿ ಗಸಿ. ನಮ್ಮ ಅಡಿಕೆ ಗೊನೆಯನ್ನು ಮಹಾಳಿಯಿಂದ ಕಾಯುವುದು ಮೇಲಿನ ತಿಳಿನೀರಲ್ಲ, ಆ ಕರಗದ ಗಸಿ.

ಇದನ್ನು ಯಾಕೆ ಹೇಳಿದೆನೆಂದರೆ, ಈಗ ಗೊಬ್ಬರದ ಅಂಗಡಿಗೆ ಹೋದರೆ ಒಂದೇ ಮಂತ್ರ. "ಇದು ನೂರಕ್ಕೆ ನೂರು ನೀರಲ್ಲಿ ಕರಗುತ್ತದೆ ಮಾರಾಯ್ರೇ, ಒಂದು ಚೂರೂ ಅಡಿಯಲ್ಲಿ ಉಳಿಯುವುದಿಲ್ಲ." ಕರಗುವುದು ಅಂದರೆ ಒಳ್ಳೆಯದು, ಕರಗದ್ದು ಅಂದರೆ ಕಳಪೆ ಎಂಬ ಭಾವನೆ ನಮ್ಮಲ್ಲೂ ಕೂತುಬಿಟ್ಟಿದೆ. ಕರಗುವ ಗುಣಕ್ಕೆ ನಾವು ದುಪ್ಪಟ್ಟು ದುಡ್ಡು ಕೊಡಲೂ ತಯಾರು. ನನ್ನ ಅಭಿಪ್ರಾಯ ಬೇರೆ. ಕರಗುವುದೂ ಗುಣ, ಕರಗದಿರುವುದೂ ಗುಣ. ಯಾವುದು, ಎಲ್ಲಿ, ಎಷ್ಟು ನಿಧಾನವಾಗಿ ಕರಗಬೇಕು ಎಂದು ಗೊತ್ತಿಲ್ಲದವನ ದುಡ್ಡು ಮಾತ್ರ ಬೇಗ ಕರಗುತ್ತದೆ.

"ಕೃಷಿಕನಿಗೆ ರಸಾಯನಶಾಸ್ತ್ರ ಯಾಕೆ?" ಎಂದು ಕೆಲವರು ಕೇಳಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಮೇಲೆ ಮಳೆ ಬೀಳುವ ಕರಾವಳಿಯಲ್ಲಿ ತೋಟ ಮಾಡುವವನಿಗೆ ಈ ಒಂದು ಪಾಠವಾದರೂ ಬೇಕೇ ಬೇಕು. ನಮ್ಮಲ್ಲಿ ಏನು ಹಾಕಿದರೂ ಅದರ ಮೇಲೆ ನೀರು ಬೀಳುತ್ತದೆ. ಉಳಿಯುವುದು ಯಾವುದು, ತೋಡಿಗೆ ಹೋಗುವುದು ಯಾವುದು ಅಂತ ತೀರ್ಮಾನ ಮಾಡುವುದು ನೀರೇ.

ನೀರಿನ ಎರಡು ಮುಖ

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಉಂಟು ಎಂಬುದು ಶಾಲೆಯಲ್ಲಿ ಕಲಿತದ್ದೇ. ಮೂರೂ ಒಂದೇ ಗೆರೆಯಲ್ಲಿ ನಿಂತಿಲ್ಲ. ಕವೆಗೋಲಿನಂತೆ ಬಾಗಿ ನಿಂತಿವೆ. ನಡುವಿನ ಆಮ್ಲಜನಕ ವಿದ್ಯುತ್ ಕಣಗಳನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಿರುತ್ತದೆ. ಹಾಗಾಗಿ ಆ ಬದಿಗೆ ಸ್ವಲ್ಪ ಋಣ, ಜಲಜನಕಗಳಿರುವ ಬದಿಗೆ ಸ್ವಲ್ಪ ಧನ. ಒಂದು ಸಣ್ಣ ಅಯಸ್ಕಾಂತ ಎಂದು ತಿಳಿದುಕೊಂಡರೆ ಸಾಕು. ಒಂದರ ಧನ ತುದಿ ಇನ್ನೊಂದರ ಋಣ ತುದಿಯನ್ನು ಹಿಡಿಯುತ್ತದೆ. ನೀರು ನೀರನ್ನು ಹಿಡಿದುಕೊಂಡಿರುವುದು ಹೀಗೆ.

ಇದರೊಳಗೆ ಒಂದು ಹರಳು ಉಪ್ಪು ಹಾಕಿ. ಉಪ್ಪಿನಲ್ಲಿ ಧನ ಕಣ, ಋಣ ಕಣ ಒಂದಕ್ಕೊಂದು ಅಂಟಿ ಕೂತಿರುತ್ತವೆ. ನೀರಿನ ಅಣುಗಳು ಬಂದು ಧನಕ್ಕೆ ತಮ್ಮ ಋಣ ಮುಖವನ್ನು, ಋಣಕ್ಕೆ ಧನ ಮುಖವನ್ನು ಕೊಟ್ಟು ಸುತ್ತುವರಿದು ಎಳೆಯುತ್ತವೆ. ಹರಳಿನ ಹಿಡಿತಕ್ಕಿಂತ ನೀರಿನ ಎಳೆತ ಮೇಲಾದರೆ ಕಣ ಕಳಚಿ ಬರುತ್ತದೆ. ಅದೇ ಕರಗುವುದು. ಹಿಡಿತವೇ ಗಟ್ಟಿಯಾದರೆ ಹರಳು ಹಾಗೆಯೇ ಉಳಿಯುತ್ತದೆ. ಒಟ್ಟಿನಲ್ಲಿ ಇದೊಂದು ಹಗ್ಗಜಗ್ಗಾಟ.

ಸಕ್ಕರೆಯಲ್ಲಿ, ಯೂರಿಯಾದಲ್ಲಿ ಇಂಥ ಬಿಡಿ ಬಿಡಿ ಧನ ಋಣ ಕಣಗಳಿಲ್ಲ. ಆದರೆ ಅವುಗಳ ಅಣುಗಳಿಗೂ ನೀರಿನಂಥದೇ ಮುಖಗಳಿವೆ. ಹಾಗಾಗಿ ನೀರಿಗೆ ಅವು ನೆಂಟರು, ಸಲೀಸಾಗಿ ಒಳಗೆ ಸೇರುತ್ತವೆ. ಎಣ್ಣೆಗೆ ಆ ಮುಖವೇ ಇಲ್ಲ. ನೀರು ಎಣ್ಣೆಯನ್ನು ದೂಡುತ್ತದೆ ಎಂದು ನಾವು ತಿಳಿಯುತ್ತೇವೆ. ಸಂಗತಿ ಅದಲ್ಲ. ನೀರಿನ ಅಣುಗಳು ತಮ್ಮ ತಮ್ಮೊಳಗೇ ಗಟ್ಟಿ ಕೈ ಹಿಡಿದಿವೆ. ಆ ಕೈ ಬಿಡಿಸಿ ಒಳಗೆ ನುಗ್ಗುವ ಶಕ್ತಿ ಎಣ್ಣೆಗಿಲ್ಲ. ಹೊರಗುಳಿದ ಎಣ್ಣೆ ಹಗುರ, ಮೇಲೆ ತೇಲುತ್ತದೆ.

ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿಗೆ ಯೂರಿಯಾ ಒಂದು ಕಿಲೋದ ಮೇಲೆ ಕರಗುತ್ತದೆ. ಪೊಟಾಷ್ ಸುಮಾರು 340 ಗ್ರಾಂ. ಮೈಲುತುತ್ತು 300 ಗ್ರಾಂ ದಾಟುತ್ತದೆ. ಜಿಪ್ಸಂ ಎರಡೂವರೆ ಗ್ರಾಂ ಹತ್ತಿರ. ಅರಳಿದ ಸುಣ್ಣ ಎರಡು ಗ್ರಾಂ ಕೂಡ ಇಲ್ಲ. ರಾಕ್ ಫಾಸ್ಫೇಟ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಬಾಲ್ದಿ ನೀರಿಗೆ ಯೂರಿಯಾ ಹಾಕಿ ಕೈ ಇಟ್ಟರೆ ತಣ್ಣಗಾಗುವುದು ನಿಮಗೆಲ್ಲ ಗೊತ್ತುಂಟು. ಹರಳನ್ನು ಬಿಡಿಸಲು ಬೇಕಾದ ಶಾಖವನ್ನು ಅದು ನೀರಿನಿಂದಲೇ ತೆಗೆದುಕೊಳ್ಳುವ ಕಾರಣ ಹಾಗೆ.

ಕರಗಿದ್ದನ್ನು ಕರಗದಂತೆ ಮಾಡುವ ವಿದ್ಯೆ

ಈಗ ಬೋರ್ಡೋಗೆ ಬನ್ನಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕೀಳದಿರಲಿ ಎಂದು ಅಲ್ಲಿಯ ಬೆಳೆಗಾರರು ಮೈಲುತುತ್ತು ಮತ್ತು ಸುಣ್ಣ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ರೋಗ ಕಡಿಮೆ ಇದ್ದದ್ದನ್ನು 1882ರಲ್ಲಿ ಮಿಲ್ಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಗೊನೆಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದ ಅಡಿಕೆ ಬೆಳೆಗಾರರಿಗೆ ಈ ಮದ್ದು ಬಂದದ್ದು ಹೀಗೆ. ನೂರು ವರ್ಷ ದಾಟಿದೆ. ಇಂದಿಗೂ ಅಡಿಕೆಗೆ ಇದಕ್ಕೆ ಸರಿಸಾಟಿ ಇಲ್ಲ.

ಇದರ ಗುಟ್ಟು ಏನು? ಬರೀ ಮೈಲುತುತ್ತಿನ ನೀರು ಬಿಟ್ಟರೆ ಶಿಲೀಂಧ್ರ ಸಾಯುತ್ತದೆ, ಜತೆಗೆ ಸಿಂಗಾರ, ಎಳೆಕಾಯಿ ಎಲ್ಲ ಸುಟ್ಟುಹೋಗುತ್ತದೆ. ಮೊದಲ ಜಡಿಮಳೆಗೆ ಉಳಿದ ತಾಮ್ರವೂ ತೊಳೆದುಹೋಗುತ್ತದೆ. ಸುಣ್ಣ ಸೇರಿಸಿದಾಗ ಕರಗಿದ್ದ ತಾಮ್ರ ಕರಗದ ರೂಪಕ್ಕೆ ತಿರುಗಿ ನವಿರಾದ ನೀಲಿ ಲೋಳೆಯಾಗುತ್ತದೆ. ಆ ಲೋಳೆ ಕಾಯಿಯ ಮೇಲೆ ತೆಳ್ಳಗೆ ಪದರವಾಗಿ ಕೂರುತ್ತದೆ. ಆಟಿಯ ಮಳೆ ಸುರಿದರೂ ವಾರಗಟ್ಟಲೆ ಬಿಡುವುದಿಲ್ಲ.

ಪೂರ್ತಿ ಕರಗದಿದ್ದರೆ ಅದು ಕೊಲ್ಲುವುದು ಹೇಗೆ ಎಂದು ಕೇಳಬಹುದು. ಪೂರ್ತಿ ಕರಗದ ವಸ್ತು ಇಲ್ಲವೇ ಇಲ್ಲ. ಕಾಯಿಯ ಮೇಲಿನ ಮಳೆಹನಿಗೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಗೆ ತಾಮ್ರ ಕೂದಲೆಳೆಯಷ್ಟು ಕರಗುತ್ತದೆ. ಮಹಾಳಿಯ ಫೈಟೋಫ್ತೊರಾ ಬೀಜಾಣುಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಬರುವಂಥವು. ಆ ನೀರಿನಲ್ಲಿ ಅಷ್ಟು ತಾಮ್ರ ಇದ್ದರೆ ಅವುಗಳ ಕತೆ ಮುಗಿಯಿತು. ಕಾಯಿಗೆ ಮಾತ್ರ ಅಷ್ಟರಿಂದ ಏನೂ ಆಗದು. ರೋಗ ಬರುವುದು ನೀರಿನಿಂದ, ಮದ್ದು ಹೊರಬರುವುದೂ ಅದೇ ನೀರಿನಿಂದ. ಬೇಕಾದಾಗ ಬೇಕಾದಷ್ಟೇ ಕರಗುವ ಮದ್ದು ಇದು.

ಈ ಒಂದು ಸಂಗತಿ ತಿಳಿದರೆ ಬೋರ್ಡೋ ಮಾಡುವ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪ್ರತಿಯೊಂದಕ್ಕೂ ಕಾರಣ ತಾನಾಗಿ ಸಿಗುತ್ತದೆ.

ಶೇಕಡಾ ಒಂದರ ಬೋರ್ಡೋಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತು 50 ಲೀಟರಿನಲ್ಲಿ ಸಲೀಸಾಗಿ ಕರಗುತ್ತದೆ. ಸುಣ್ಣ ಹಾಗಲ್ಲ. 50 ಲೀಟರಿನಲ್ಲಿ ನೂರು ಗ್ರಾಮಿನಷ್ಟೂ ಕರಗುವುದಿಲ್ಲ, ಉಳಿದದ್ದು ಹಾಲಿನಂತೆ ತೇಲುತ್ತಿರುತ್ತದೆ. ಕರಗಿದ್ದು ಖರ್ಚಾದಂತೆ ತೇಲುವ ಸುಣ್ಣ ಇನ್ನಷ್ಟು ಕರಗಿ ಜಾಗ ತುಂಬುತ್ತದೆ. ಅದಕ್ಕೇ ಸುಣ್ಣದ ಹಾಲು ನವಿರಾಗಿರಬೇಕು, ಸೋಸಿರಬೇಕು, ಕಲಕುತ್ತಲೇ ಇರಬೇಕು. ಮೈಲುತುತ್ತಿನ ನೀರನ್ನು ಸುಣ್ಣದ ಹಾಲಿಗೆ ಹೊಯ್ಯಬೇಕು, ಸುಣ್ಣವನ್ನು ಮೈಲುತುತ್ತಿಗೆ ಅಲ್ಲ. ಸುಣ್ಣ ಧಾರಾಳ ಇರುವ ಕಡೆಗೆ ತಾಮ್ರ ಬಿದ್ದರೆ ಕಣ ನವಿರಾಗುತ್ತದೆ, ಚೆನ್ನಾಗಿ ಅಂಟುತ್ತದೆ. ಸುಣ್ಣ ಅರಳಿಸಿದ ಬಿಸಿ ಪೂರ್ತಿ ಆರಿರಬೇಕು. ಬಿಸಿ ಹೆಚ್ಚಿದಂತೆ ಸುಣ್ಣ ಕರಗುವುದು ಕಡಿಮೆ, ನೀಲಿ ಕಣವೂ ದಪ್ಪವಾಗುತ್ತದೆ.

ಕತ್ತಿಯ ಪರೀಕ್ಷೆ ಗೊತ್ತಲ್ಲ? ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಮದ್ದಿನಲ್ಲಿ ಅದ್ದಿ ತೆಗೆದರೆ ಕೆಂಪು ಕಂಡರೆ ಸುಣ್ಣ ಸಾಲದು. ಕರಗಿ ಉಳಿದ ತಾಮ್ರ ಮಾತ್ರ ಕಬ್ಬಿಣದ ಮೇಲೆ ಹೋಗಿ ಕೂರಬಲ್ಲದು, ಲೋಳೆಯಾದ ತಾಮ್ರಕ್ಕೆ ಅದು ಸಾಧ್ಯವಿಲ್ಲ. ಅಂದರೆ ಕತ್ತಿ ಹೇಳುವುದು ಒಂದೇ ಮಾತು, ತಾಮ್ರ ಇನ್ನೂ ಕರಗಿಯೇ ಇದೆ ಎಂದು. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಬಾರದು ಎನ್ನುವುದಕ್ಕೂ ಕಾರಣ ಇದೇ. ಡ್ರಮ್ಮಿಗೆ ತಾಮ್ರದ ಲೇಪ, ನಮ್ಮ ಗೊನೆಗೆ ಬರೀ ನೀರು.

ಗಾಳಿಗೆ ತೆರೆದಿಟ್ಟ ಹಳೆ ಸುಣ್ಣ ನಿಧಾನವಾಗಿ ಸೀಮೆಸುಣ್ಣದಂಥ ಪುಡಿಯಾಗುತ್ತದೆ. ಅದು ಇನ್ನೂ ಕಡಿಮೆ ಕರಗುವ ವಸ್ತು. ತೂಕ ಕಿಲೋ ಇದ್ದರೂ ಕೆಲಸ ಅರ್ಧ ಕಿಲೋದ್ದೂ ಆಗಲಿಕ್ಕಿಲ್ಲ. ಹಾಗಾಗಿ "ಒಂದಕ್ಕೆ ಒಂದು" ಎಂಬ ಲೆಕ್ಕವನ್ನೇ ನಂಬಿ ಕೂರಬೇಡಿ, ಕತ್ತಿಯನ್ನೂ ಕೇಳಿ. ತಯಾರಿಸಿದ ಮದ್ದನ್ನು ಅದೇ ದಿನ ಬಿಟ್ಟು ಮುಗಿಸಿ. ರಾತ್ರಿ ಕಳೆದರೆ ನವಿರು ಲೋಳೆ ಹರಳುಗಟ್ಟಿ ದಪ್ಪವಾಗುತ್ತದೆ, ಕಾಯಿಗೆ ಅಂಟುವುದಿಲ್ಲ.

ಅಂಟಿಗೆ ರಾಳ ಸೇರಿಸುವವರಿದ್ದಾರೆ. ಅದರಲ್ಲಿಯೂ ಇದೇ ಆಟ. ರಾಳ ನೀರಿಗೆ ಕರಗದು. ವಾಷಿಂಗ್ ಸೋಡದ ಜತೆ ಕುದಿಸಿದರೆ ಸಾಬೂನಿನಂತಾಗಿ ಕರಗುತ್ತದೆ. ಬೋರ್ಡೋಗೆ ಸೇರಿಸಿದಾಗ ಸುಣ್ಣ ಸಿಕ್ಕಿ ಮತ್ತೆ ಕರಗದ ಜಿಗುಟಾಗುತ್ತದೆ. ಬೆರೆಸಲು ಕರಗಿಸಿದೆವು, ನಿಲ್ಲಿಸಲು ಕರಗದಂತೆ ಮಾಡಿದೆವು. ನಮ್ಮ ಹಿಂದಿನವರಿಗೆ ಇದರ ಸೂತ್ರ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನಮಗೆ ಎರಡೂ ಗೊತ್ತಿದ್ದರೆ ನಷ್ಟವಿಲ್ಲವಲ್ಲ?

ಗೊಬ್ಬರದ ಚೀಲ

ಮದ್ದು ನಿಲ್ಲಬೇಕು, ಸರಿ. ಗೊಬ್ಬರ ಬೇರಿಗೆ ಸಿಗಬೇಕಾದರೆ ಕರಗಲೇಬೇಕಲ್ಲ? ಹೌದು. ಬೇರು ಕುಡಿಯುವುದು ನೀರನ್ನು, ಜಗಿಯುವುದಿಲ್ಲ. ಆದರೆ ಎಷ್ಟು ಬೇಗ ಎಂಬುದು ಪ್ರಶ್ನೆ.

ಯೂರಿಯಾ ನೀರಿನ ನೆಂಟ ಎಂದೆನಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಮಣ್ಣಿನ ಜೇಡಿ ಕಣಗಳಿಗೆ ಋಣ ಗುಣ ಉಂಟು, ಧನ ಕಣಗಳನ್ನು ಹಿಡಿದುಕೊಳ್ಳುತ್ತವೆ. ಯೂರಿಯಾ ಅಣುವಿಗೆ ಧನವೂ ಇಲ್ಲ ಋಣವೂ ಇಲ್ಲ, ಅದನ್ನು ಹಿಡಿಯುವವರಿಲ್ಲ. ಮಣ್ಣಿನ ಜೀವಿಗಳು ಕೆಲವು ದಿನಗಳಲ್ಲಿ ಅದನ್ನು ಅಮೋನಿಯಂ ಮಾಡಿದರೆ ಸ್ವಲ್ಪ ನಿಲ್ಲುತ್ತದೆ. ಅದು ಮುಂದೆ ನೈಟ್ರೇಟ್ ಆಯಿತೋ, ಮತ್ತೆ ಜಾರಿಕೆ ಶುರು. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯವಾಯಿತು. ಲೇಪದಿಂದ ಅದು ಕರಗುವುದು ನಿಧಾನವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ನಿಧಾನವಾಗುವುದು ಅಮೋನಿಯಂ ನೈಟ್ರೇಟ್ ಆಗುವ ಕೆಲಸ. ಜೂನ್ ಜುಲೈಯ ಜಡಿಮಳೆಗೆ ಬೇವು ಕೂಡ ಅಡ್ಡ ನಿಲ್ಲುವುದಿಲ್ಲ.

ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟಾಷ್ ಎಂಬುದು ಶಿಫಾರಸು. ಇದನ್ನು ಜಡಿಮಳೆಗೆ ಮುಂಚೆ ಒಂದೇ ಸಲಕ್ಕೆ ಸುರಿದರೆ ಮರಕ್ಕಿಂತ ತೋಡಿಗೇ ಹೆಚ್ಚು ಸಿಗುತ್ತದೆ. ತೋಟದ ಕೆಳಗಿನ ಬಾವಿಗೂ ಸಿಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲೇ ಉಂಟು. ಕರಗುವ ಗೊಬ್ಬರವನ್ನು ಕಂತು ಮಾಡಿ, ಮಣ್ಣು ಹಸಿ ಇದ್ದು ಮಳೆ ಜೋರಿಲ್ಲದಾಗ ಕೊಡಬೇಕು. ಹಟ್ಟಿಗೊಬ್ಬರ, ಸೊಪ್ಪು ಹಾಕಿದ ಬುಡದಲ್ಲಿ ಪೊಟಾಷ್, ಅಮೋನಿಯಂ ಹಿಡಿದುಕೊಳ್ಳುವ ಶಕ್ತಿ ಹೆಚ್ಚು. ಬರೀ ಮುರಕಲ್ಲಿನ ಮಣ್ಣಿಗೆ ಆ ಶಕ್ತಿ ಕಡಿಮೆ. ಸೊಪ್ಪು ಕೊಯ್ಯಲು ಜನ ಸಿಗುವುದಿಲ್ಲ ಎಂದು ಸೊಪ್ಪು ಬಿಟ್ಟು ಕರಗುವ ಗೊಬ್ಬರ ಹೆಚ್ಚಿಸುವುದು ಓಟೆ ಕೊಡಕ್ಕೆ ಮತ್ತೆ ಮತ್ತೆ ನೀರು ತುಂಬಿದ ಹಾಗೆ.

ರಂಜಕದ ಕತೆ ಇದರ ತದ್ವಿರುದ್ಧ. ಸೂಪರ್ ಫಾಸ್ಫೇಟಿನ ರಂಜಕ ನೀರಿಗೆ ಕರಗುತ್ತದೆ. ಆ ಗುಣಕ್ಕಾಗಿಯೇ ಕಾರ್ಖಾನೆಯಲ್ಲಿ ಶಿಲೆಯನ್ನು ಗಂಧಕಾಮ್ಲದಿಂದ ಬಿಡಿಸುತ್ತಾರೆ. ನಮ್ಮ ಕೆಂಪು ಹುಳಿಮಣ್ಣಿಗೆ ಅದು ಬಿದ್ದ ಮೇಲೆ ಏನಾಗುತ್ತದೆ? ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಅದರ ಬಹುಪಾಲನ್ನು ಹಿಡಿದು ಮತ್ತೆ ಕರಗದಂತೆ ಮಾಡಿಬಿಡುತ್ತವೆ. ನಾವು ದುಡ್ಡು ಕೊಟ್ಟು ತಂದ ಕರಗುವ ಗುಣವನ್ನು ಮಣ್ಣು ಕೆಲವೇ ದಿನಗಳಲ್ಲಿ ಕಸಿದುಕೊಂಡಿತು. ರಾಕ್ ಫಾಸ್ಫೇಟ್ ನೀರಿಗೆ ಕರಗದು. ಆದರೆ ನಮ್ಮ ಮಣ್ಣಿನ ಹುಳಿಗೆ ನಿಧಾನವಾಗಿ ಕರಗುತ್ತದೆ. ಅಡಿಕೆ, ತೆಂಗಿನಂಥ ವರ್ಷಗಟ್ಟಲೆ ನಿಲ್ಲುವ ಬೆಳೆಗೆ ಅವಸರವೇನಿದೆ? ಕಾರ್ಖಾನೆಯ ಕೆಲಸವನ್ನು ನಮ್ಮ ಮಣ್ಣು ಬಿಟ್ಟಿಯಾಗಿ ಮಾಡುತ್ತದೆ ಎಂದಾಯಿತು.

ಒಂದು ಎಚ್ಚರ. ಇದು ಹುಳಿಮಣ್ಣಿನ ಮಾತು. ಬಯಲುಸೀಮೆಯ ಸುಣ್ಣದಂಶವಿರುವ ಕಪ್ಪುಮಣ್ಣಿನಲ್ಲಿ ರಾಕ್ ಫಾಸ್ಫೇಟ್ ಕಲ್ಲಾಗಿಯೇ ಕೂರುತ್ತದೆ, ಅಲ್ಲಿ ಸೂಪರ್ ಫಾಸ್ಫೇಟೇ ಸರಿ. ನಮ್ಮಲ್ಲಿಯೂ ಸುಣ್ಣ ಮತ್ತು ರಾಕ್ ಫಾಸ್ಫೇಟನ್ನು ಒಂದೇ ಹೊತ್ತಿಗೆ ಒಂದೇ ಬುಡಕ್ಕೆ ಹಾಕಬಾರದು. ಕರಗಿಸಬೇಕಾದ ಹುಳಿಯನ್ನೇ ಸುಣ್ಣ ತಿಂದುಬಿಡುತ್ತದೆ. ಕೆಲಸಕ್ಕೆ ಜನ ಬಂದ ದಿನವೇ ಎಲ್ಲ ಹಾಕಿ ಮುಗಿಸುವ ಅಭ್ಯಾಸ ನಮ್ಮದು. ಈ ಎರಡರ ಮಟ್ಟಿಗೆ ಅದು ನಷ್ಟದ ಬಾಬ್ತು.

ಪೂರ್ತಿ ಕರಗುವ ಗೊಬ್ಬರಕ್ಕೂ ಅದರದ್ದೇ ಜಾಗ ಉಂಟು. ಹನಿ ನೀರಾವರಿಯಲ್ಲಿ ಕೊಡುವುದಾದರೆ ಅದೇ ಬೇಕು, ಇಲ್ಲದಿದ್ದರೆ ಡ್ರಿಪ್ಪರ್ ಕಟ್ಟುತ್ತದೆ. ಆದರೆ ಒಂಟಿಯಾಗಿ ಕರಗುವ ಎರಡು ಜತೆಯಾದರೆ ಕರಗದ ಮೂರನೆಯದು ಹುಟ್ಟಬಹುದು. ಕ್ಯಾಲ್ಸಿಯಂ ನೈಟ್ರೇಟ್ ಕರಗುತ್ತದೆ, ಮೆಗ್ನೀಷಿಯಂ ಸಲ್ಫೇಟ್ ಕರಗುತ್ತದೆ. ಎರಡನ್ನೂ ದಪ್ಪ ಮಾಡಿ ಒಂದೇ ಟ್ಯಾಂಕಿಗೆ ಹಾಕಿ ನೋಡಿ, ಜಿಪ್ಸಂ ಗಸಿ ನಿಲ್ಲುತ್ತದೆ. ಕ್ಯಾಲ್ಸಿಯಂ ನೈಟ್ರೇಟಿನ ಜತೆ ರಂಜಕದ ಗೊಬ್ಬರ ಸೇರಿಸಿದರೂ ಇದೇ ಪಾಡು. ಬೋರ್ಡೋದಲ್ಲಿ ನಮ್ಮನ್ನು ಕಾಯುವ ಅದೇ ನಿಯಮ ಇಲ್ಲಿ ಪೈಪಿನ ಬಾಯಿ ಮುಚ್ಚುತ್ತದೆ. ಕ್ಯಾಲ್ಸಿಯಮಿನ ಗೊಬ್ಬರಕ್ಕೆ ಬೇರೆಯೇ ಟ್ಯಾಂಕ್, ಬೇರೆಯೇ ದಿನ ಇರಲಿ.

ಹಾಲಿನಂತೆ ಕಂಡದ್ದೆಲ್ಲ ಕರಗಿದ್ದಲ್ಲ

ಬೇವಿನೆಣ್ಣೆಯನ್ನು ಸಾಬೂನು ಹಾಕಿ ಕದಡಿದರೆ ಹಾಲಿನಂತಾಗುತ್ತದೆ. ಎಣ್ಣೆ ಕರಗಿತು ಎನ್ನುತ್ತೇವೆ. ಕರಗಿಲ್ಲ. ಸಾಬೂನಿನ ಅಣುವಿಗೆ ಒಂದು ತುದಿ ನೀರಿನ ನೆಂಟ, ಇನ್ನೊಂದು ತುದಿ ಎಣ್ಣೆಯ ನೆಂಟ. ಎಣ್ಣೆಯ ಹನಿಗಳನ್ನು ಸಣ್ಣ ಸಣ್ಣದಾಗಿ ಸುತ್ತಿ ಹಿಡಿದಿರುತ್ತದೆ, ಅಷ್ಟೇ. ಸಾಬೂನು ಕಡಿಮೆಯಾದರೆ ಎಣ್ಣೆ ಬೇರೆಯಾಗಿ ಮೇಲೆ ಬರುತ್ತದೆ. ಆಗ ಕೊನೆಯ ಕೆಲವು ಗಿಡಗಳಿಗೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ.

ಅಂಗಡಿಯ ಹಲವು ಕೀಟನಾಶಕಗಳೂ ಹೀಗೆಯೇ. ನೀರಿಗೆ ಹೊಯ್ದಾಗ ಬೆಳ್ಳಗಾಗುವುದೆಂದರೆ ಎಣ್ಣೆಯಂಥ ವಿಷ ನೀರಿನಲ್ಲಿ ಚದುರಿದೆ ಎಂದರ್ಥ. ನೀರಿಗೆ ಕರಗದ್ದು ಕೊಬ್ಬಿಗೆ ಕರಗುತ್ತದೆ. ಡಿಡಿಟಿ ಹಾಲಿನ ಕೊಬ್ಬಿನಲ್ಲಿ, ತಾಯಿಯ ಎದೆಹಾಲಿನಲ್ಲಿ ಸಿಕ್ಕಿದ್ದು ಇದೇ ಕಾರಣಕ್ಕೆ. ನಮ್ಮ ಪಕ್ಕದ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಕೂಡ ಕರಗದ ವಸ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಏನೇನಾಗಿತ್ತು ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕೈಗೆ ಅಂಥ ಮದ್ದು ಬಿದ್ದಾಗ ಬರೀ ನೀರು ಸಾಲದು, ಸಾಬೂನು ಹಚ್ಚಿಯೇ ತೊಳೆಯಿರಿ. ಮದ್ದು ಬಿಡಲು ಬಂದವರಿಗೂ ಸಾಬೂನು ಕೊಡಿ.

ಕರಗದಿರುವ ಗುಣವನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಕರಗದ್ದು ಎಲ್ಲಿಗೂ ಹೋಗುವುದಿಲ್ಲ. ನೂರು ವರ್ಷದಿಂದ ನಾವು ಬಿಟ್ಟ ತಾಮ್ರದ ಬಹುಪಾಲು ನಮ್ಮ ತೋಟದ ಮೇಲ್ಮಣ್ಣಿನಲ್ಲೇ ಕೂತಿದೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರಕ್ಕೆ ಮಿತಿ ಹಾಕಿತು. ಮೈಲುತುತ್ತಿನ ಕಾಲುಭಾಗ ತಾಮ್ರ. ಆ ಲೆಕ್ಕದಲ್ಲಿ ಎಕರೆಗೆ ವರ್ಷಕ್ಕೆ ಆರು ಕಿಲೋ ಚಿಲ್ಲರೆ ಮೈಲುತುತ್ತು ಆಯಿತು. ಅದು ಅವರ ಕಾನೂನು, ನಮ್ಮದಲ್ಲ. ಆದರೂ ಎಕರೆಗೆ ಎಷ್ಟು ಕಿಲೋ ಹೋಗುತ್ತದೆ ಎಂದು ನಾವು ಬರೆದಿಡುವುದು ಒಳ್ಳೆಯದು. ಬೋರ್ಡೋ ಬಿಡಿ ಎಂದು ನಾನು ಹೇಳುತ್ತಿಲ್ಲ. ಗೊನೆಗೆ ಬೀಳಬೇಕಾದದ್ದು ಗೊನೆಗೇ ಬೀಳಲಿ. ಮಳೆಗಾಲಕ್ಕೆ ಮುಂಚೆ ಒಂದು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು, ಎರಡನ್ನೂ ಸರಿಯಾಗಿ ಮಾಡಿ ಬಿಟ್ಟರೆ ಹೆದರಿ ಹೆದರಿ ಬಿಡುವ ಸುತ್ತುಗಳು ಕಡಿಮೆಯಾಗುತ್ತವೆ.

ಕೊನೆಗೆ ನನ್ನ ಸಲಹೆ ಇಷ್ಟು. ಚೀಲದ ಮೇಲೆ ಎಷ್ಟು ಶೇಕಡಾ ನೀರಿಗೆ ಕರಗುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಸಾಲದು. ಕನ್ನಡದಲ್ಲಿ, ಕಣ್ಣಿಗೆ ಕಾಣುವ ಹಾಗೆ ಹಾಕಲಿ ಎಂದು ನಮ್ಮ ಸೊಸೈಟಿಗಳ ಮಹಾಸಭೆಯಲ್ಲಿ ಕೇಳೋಣ. ಕೃಷಿ ಇಲಾಖೆಯವರು ಮಣ್ಣು ಪರೀಕ್ಷೆಯ ಚೀಟಿ ಕೊಡುವಾಗ ಹುಳಿ ಎಷ್ಟು ಎಂದು ಅಂಕಿ ಬರೆದು ಬಿಡುವ ಬದಲು, ಈ ಮಣ್ಣಿಗೆ ಕರಗುವ ರಂಜಕ ಬೇಕೋ ಶಿಲೆಯ ಪುಡಿ ಸಾಕೋ ಎಂದೂ ಬರೆಯಲಿ. ನಾವು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ಹೊಸ ಗೊಬ್ಬರವೋ ಮದ್ದೋ ತಂದಾಗ ಒಂದು ಗಾಜಿನ ಲೋಟ ನೀರಿಗೆ ಒಂದು ಚಮಚ ಹಾಕಿ, ಕದಡಿ, ಬೆಳಗ್ಗೆವರೆಗೆ ಬಿಡಿ. ತಿಳಿಯಾಗಿದೆಯೋ, ಗಸಿ ನಿಂತಿದೆಯೋ, ಎಣ್ಣೆ ತೇಲಿದೆಯೋ ನೋಡಿ. ಅನ್ನದ ಲೋಟ ಬೇಡ, ಅದಕ್ಕೆಂದೇ ಬೇರೆ ಇಡಿ, ಮಕ್ಕಳ ಕೈಗೆ ಸಿಗದಿರಲಿ. ನೋಡಿದ ಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ, ಇದು ನನಗೆ ನಿಲ್ಲಬೇಕಾದದ್ದೋ, ಹೋಗಬೇಕಾದದ್ದೋ?

ರಾಕ್ ಫಾಸ್ಫೇಟನ್ನೇ ನಂಬಿ ಹತ್ತಾರು ವರ್ಷ ತೋಟ ನಡೆಸಿದವರು, ಬೋರ್ಡೋದ ಸುಣ್ಣವನ್ನು ಬೇರೆ ರೀತಿಯಲ್ಲಿ ಪರೀಕ್ಷಿಸುವವರು ನಮ್ಮ ನಡುವೆ ಬೇಕಾದಷ್ಟು ಇದ್ದಾರೆ. ಅಂಥವರು ತಮ್ಮ ಅನುಭವವನ್ನು ಅಂಕಿ ಸಮೇತ ಬರೆಯಲಿ. ನಾನು ಹೇಳಿದ್ದು ತಪ್ಪೆಂದು ಕಂಡರೆ ಅದನ್ನೂ ಬರೆಯಲಿ.